ಮುನ್ನಿ ಎಂಬ ಆಡಿನ ಪಕ್ಕದ ಪುಟ

6 ಜನವರಿ 2025, ಸೋಮವಾರ. ಸೇಡಂ

ಸಂಜೆ ಭಾಗಣ್ಣನ ಪುಸ್ತಕದ ಅಂಗಡಿಗೆ ಹೋಗಿದ್ದೆ. ಮೂವತ್ತು ವರ್ಷ ಪಂಚಾಂಗ, ಗೈಡು, ನೋಟ್‌ಬುಕ್ಕು ಮಾರಿಕೊಂಡು ಸುಖವಾಗಿದ್ದ ಮನುಷ್ಯ ಈಗ ಒಂದು ವರ್ಷದಿಂದ ಪ್ರಸಿದ್ಧರ ಜೀವನದ ಪುಸ್ತಕಗಳ ಹುಚ್ಚು ಹಿಡಿಸಿಕೊಂಡಿದ್ದಾನೆ. ಮುಂದಿನ ಕಪಾಟಿನ ತುಂಬ ಅವೇ. ಒಬ್ಬ ನಟನ ಬಗ್ಗೆ ಅವನ ಕಾರಿನ ಡ್ರೈವರ್ ಬರೆದದ್ದು, ಒಬ್ಬ ಕ್ರಿಕೆಟಿಗನ ಬಗ್ಗೆ ಅವನ ಅಡುಗೆಯವನು ಬರೆದದ್ದು, ಒಬ್ಬ ನಟಿ ಹದಿನೆಂಟು ಕಿಲೊ ಹೇಗೆ ಇಳಿಸಿದಳು ಎಂಬುದರ ಮೇಲೆ ಇನ್ನೂರು ಪುಟ. ಹದಿನೆಂಟು ಕಿಲೊ ಇಳಿಸಲು ಇನ್ನೂರು ಪುಟ ಯಾಕೆ? ಬೇಸಿಗೆಯಲ್ಲಿ ನಮ್ಮೂರಿಗೆ ಬಂದು ಒಂದು ವಾರ ಇದ್ದರೆ ಸಾಕು.

"ಕಾದಂಬರಿ ಯಾರೂ ಕೇಳಂಗಿಲ್ರಿ ಸರ್ ಈಗ," ಎಂದ ಭಾಗಣ್ಣ. "ಮಂದಿಗೆ ಖರೆ ಮನುಷ್ಯಾ ಬೇಕು, ಖರೆ ಜಗಳಾ ಬೇಕು. ಅಂದಂಗ, ನಿಮ್ಮ ಶಗುಫ್ತಾಂದು ಪುಸ್ತಕ ಬರ್ಲಿಕತ್ತದ. ಬುಧವಾರ ಪಾರ್ಸೆಲ್."

ನನ್ನ ಶಗುಫ್ತಾ! ನಾಲ್ಕು ನೂರು ಸಿನಿಮಾಗಳಲ್ಲಿ ನಾಯಕಿಯರಿಗೆ ದನಿ ಕೊಟ್ಟವಳು. ಕನ್ನಡ ಬಾರದ ಚೆಲುವೆಯರೆಲ್ಲ ಇವಳ ಗಂಟಲಿನಿಂದ ಅತ್ತಿದ್ದಾರೆ, ನಕ್ಕಿದ್ದಾರೆ. ಎರಡು ವರ್ಷದ ಹಿಂದೆ ಟಿವಿಯಲ್ಲಿ ಮುಖ ತೋರಿಸಿದ ಮೇಲೆ ಇವಳೇ ತಾರೆಯಾಗಿದ್ದಾಳೆ. ಮೂವತ್ತಾರು ವರ್ಷದ ಹಿಂದೆ ಶಹಾಬಾದಿನ ಶಾಲೆಯಲ್ಲಿ ನಾನು ಕನ್ನಡ ಮಾಸ್ತರನಾಗಿದ್ದಾಗ ಆ ದನಿಯನ್ನು ಗುರುತಿಸಿ ಮೊದಲ ಅವಕಾಶ ಕೊಟ್ಟವನು ನಾನು, ರಘೂತ್ತಮ ಮಳಖೇಡಕರ. ಈ ಸಂಗತಿಯನ್ನು ನಾನು ಹನ್ನೊಂದು ಮದುವೆ, ಮೂರು ಮುಂಜಿ ಮತ್ತು ಒಂದು ಸಂತಾಪ ಸಭೆಯಲ್ಲಿ ಹೇಳಿದ್ದೇನೆಂದು ನನ್ನ ಹೆಂಡತಿ ಭಾಮಾ ಲೆಕ್ಕ ಇಟ್ಟಿದ್ದಾಳೆ.

ಫೆಬ್ರುವರಿ ಎರಡಕ್ಕೆ ವಾಚನಾಲಯದಲ್ಲಿ ಪುಸ್ತಕ ಪರಿಚಯದ ಕಾರ್ಯಕ್ರಮ. ಮುಖ್ಯ ಭಾಷಣ ನನ್ನದು, ನಲವತ್ತು ನಿಮಿಷ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿನ ಕೆಳಗೆ "ಕಲಾವಿದೆಗೆ ಮೊದಲ ಅವಕಾಶ ನೀಡಿದ ಗುರುಗಳು" ಎಂದು ಹಾಕಿಸು ಎಂದು ಭಾಗಣ್ಣನಿಗೆ ಹೇಳಿದೆ. ಹೇಳದಿದ್ದರೂ ಹಾಕಿಸುತ್ತಿದ್ದ.

8 ಜನವರಿ

ಪುಸ್ತಕ ಬಂತು. ಹೆಸರು "ತುಟಿ ಅವರದು, ದನಿ ನಂದು". ಮುಖಪುಟದಲ್ಲಿ ಶಗುಫ್ತಾ ಮೈಕಿನ ಮುಂದೆ ನಗುತ್ತಿದ್ದಾಳೆ. ಇಂಥ ಪುಸ್ತಕವನ್ನು ಊರಿನಲ್ಲಿ ಯಾರೂ ಮೊದಲ ಪುಟದಿಂದ ಓದುವುದಿಲ್ಲ. ತಂತಮ್ಮ ಹೆಸರು ಹುಡುಕುತ್ತಾರೆ. ನಾನು ಹಾಗಲ್ಲ. ನಾನು ಮೊದಲು ಅರ್ಪಣೆಯ ಪುಟ ನೋಡಿದೆ, ಅಲ್ಲಿ ನನ್ನ ಹೆಸರಿರಲಿಲ್ಲ, ಆಮೇಲೆ ಹುಡುಕಿದೆ.

ಪುಟ ನಲವತ್ತೊಂದು. ಇಲ್ಲಿ ಇಳಿಸಿಡುತ್ತೇನೆ:

"ಏಳನೇ ಇಯತ್ತೆಯ ಗ್ಯಾದರಿಂಗ್, ಶಾಲೆಯ ವಾರ್ಷಿಕೋತ್ಸವ. ಸರ್ ಬರೆದ ಗೀತನಾಟಕದಲ್ಲಿ ನಾನು ರುಕ್ಮಿಣಿ. ಅಮ್ಮಿ ತನ್ನ ಹತ್ತಿರ ಇದ್ದ ಒಂದೇ ಒಂದು ರೇಷ್ಮೆ ಸೀರೆ ಕತ್ತರಿಸಿ ನನ್ನ ಅಳತೆಗೆ ಹೊಲಿದಿದ್ದಳು. ಮೂರು ದಿನ ಮೊದಲು ಸರ್ ಕರೆದು, 'ಕಮಿಟಿಯವರು ನೀ ಬ್ಯಾಡ ಅಂದಾರವ್ವ' ಅಂದರು. ಪಾಪ, ಅವರ ಕಣ್ಣಲ್ಲೂ ನೀರಿತ್ತು. ರಂಗದ ಮೇಲೆ ಬೇರೆ ಹುಡುಗಿ ತುಟಿ ಅಲುಗಿಸಿದಳು. ಪರದೆಯ ಹಿಂದೆ, ಸುತ್ತಿಟ್ಟ ಜಮಖಾನೆಯ ಮೇಲೆ ನಿಂತು ತೂತಿನಲ್ಲಿ ನೋಡುತ್ತ ನಾನು ಹಾಡಿದೆ. ನನ್ನ ಮೊದಲ ಡಬ್ಬಿಂಗ್ ಅದು."

ಸರ್! ಬರೀ ಸರ್! ಯಾವ ಸರ್? ಆ ಶಾಲೆಯಲ್ಲಿ ಹದಿನಾಲ್ಕು ಮಂದಿ ಸರ್ ಇದ್ದೆವು, ಅದರಲ್ಲಿ ಡ್ರಿಲ್ ಸರ್ ಕೂಡ ಒಬ್ಬ. ಇಡೀ ಪುಸ್ತಕದಲ್ಲಿ ಎಲ್ಲರಿಗೂ ಹೆಸರಿದೆ. ವಾಡಿ ಸ್ಟೇಷನ್ನಿನಲ್ಲಿ ವಡಾ ಮಾರುವವನಿಗಿದೆ. ಸ್ಟುಡಿಯೊದ ವಾಚ್‌ಮನ್ನನಿಗಿದೆ. ಪುಟ ನಲವತ್ತರಲ್ಲಿ ಅವರ ಮನೆಯ ಆಡಿಗೂ ಇದೆ, ಮುನ್ನಿ ಅಂತೆ. ಮುನ್ನಿ ಎಂಬ ಆಡು ಇವಳ ನೋಟ್‌ಬುಕ್ ತಿಂದಿತ್ತಂತೆ, ಅಷ್ಟಕ್ಕೆ ಅದಕ್ಕೆ ಅರ್ಧ ಪುಟ. ನಾನು ಇವಳ ನೋಟ್‌ಬುಕ್ ತಿದ್ದಿದ್ದೇನೆ.

ಇನ್ನೊಂದು, ಕಣ್ಣಲ್ಲಿ ನೀರು ಎಂಬುದು ಅತಿಶಯೋಕ್ತಿ. ನನಗೆ ಆಗ ನೆಗಡಿ ಆಗಿತ್ತು.

10 ಜನವರಿ, ಶುಕ್ರವಾರ. ವೈಕುಂಠ ಏಕಾದಶಿ

ಉಪವಾಸ. ಸಿಟ್ಟು ಮಾತ್ರ ಹೊಟ್ಟೆ ತುಂಬ ಇದೆ. ಬೆಂಗಳೂರಿನ ಪ್ರಕಾಶಕರಿಗೆ ಪತ್ರ ಬರೆದೆ: "ಪುಟ ನಲವತ್ತೊಂದರಲ್ಲಿ ಬರುವ ಮಹನೀಯರ ಹೆಸರು ಕಣ್ತಪ್ಪಿನಿಂದ ಬಿಟ್ಟುಹೋಗಿದ್ದು, ಮುಂದಿನ ಮುದ್ರಣದಲ್ಲಿ ಸೇರಿಸಬೇಕಾಗಿ ವಿನಂತಿ." ಮಹನೀಯ ಎನ್ನುವುದನ್ನು ಹೊಡೆದು ಶಿಕ್ಷಕ ಎಂದು ಮಾಡಿ, ಮತ್ತೆ ಮಹನೀಯ ಎಂದು ಬರೆದೆ.

ಭಾಮಾ ಪುಟವನ್ನು ಎರಡು ಸಲ ಓದಿದಳು.

"ಇದರಾಗ ಹೆಸರು ಹಾಕ್ರಿ ಅಂತ ಬರೀಲಿಕ್ಕೆ ಹತ್ತೀರೇನು?"

"ಹೌದು."

"ಹೆಸರಿಲ್ಲದ್ದೇ ಪುಣ್ಯ ಅಂತ ಸುಮ್ಮನ ಕೂಡ್ರಿ. ಮತ್ತ, ಈ ಕಮಿಟಿ ಅಂದಾಳಲ್ಲ, ಯಾವ ಕಮಿಟಿರಿ ಅದು?"

ಒಲೆಯ ಮೇಲೆ ಹಾಲು ಉಕ್ಕುತ್ತಿದೆ ಎಂದೆ. ಅವಳು ಒಳಗೆ ಹೋದಳು. ಹಾಲು ಉಕ್ಕುತ್ತಿರಲಿಲ್ಲವಂತೆ, ಅದಕ್ಕೂ ಬೈಸಿಕೊಂಡೆ.

13 ಜನವರಿ

ಪ್ರಕಾಶಕರಿಂದ ಉತ್ತರ. ಭಾರಿ ವಿನಯ. ಎರಡನೇ ಮುದ್ರಣ ಸಿದ್ಧವಾಗುತ್ತಿದೆ, ಲೇಖಕಿ ಒಪ್ಪಿದರೆ ಸೇರಿಸುತ್ತಾರಂತೆ. ಶಗುಫ್ತಾಳ ನಂಬರ್ ಕೊಡುವುದಿಲ್ಲವಂತೆ. ಬೇಡ, ಅವಳ ತಾಯಿ ಅಮೀರ್ಬೀ ಇನ್ನೂ ಶಹಾಬಾದಿನಲ್ಲೇ ಇದ್ದಾಳೆ.

ಭಾಗಣ್ಣನೂ ಇವತ್ತು ಒಂದು ನಮೂನೆ ಮಾತಾಡಿದ. "ಸರ್, ಹೆಸರು ಹಾಕಿಲ್ಲಲ್ಲ, ಛಲೋ ಆತು ಬಿಡ್ರಿ. ಓದಿದವ್ರು ಭಾಳ ಬೈಲಿಕತ್ತಾರ." ಯಾರನ್ನು ಎಂದು ಕೇಳಿದೆ. "ಕಮಿಟಿಯವ್ರನ್ನ," ಎಂದು ನನ್ನ ಕಡೆ ನೋಡದೆ ರಸೀದಿ ಪುಸ್ತಕ ತಿರುವಿದ. ಊರಿನಲ್ಲಿ ಒಬ್ಬನಿಗೆ ಮಾನ ಬರುತ್ತದೆ ಎಂದರೆ ಗೆಳೆಯರಿಗೇ ಹೊಟ್ಟೆ ಉರಿಯುತ್ತದೆ.

15 ಜನವರಿ

ಶಹಾಬಾದಿಗೆ ಹೋಗಿಬಂದೆ. ಸೇಡಂನಲ್ಲಿ ರೈಲು ಹತ್ತಿ, ವಾಡಿಯಲ್ಲಿ ಇಳಿದು, ಒಂದು ತಾಸು ಕಾಯ್ದು, ಇನ್ನೊಂದು ರೈಲು. ವಾಡಿಯಲ್ಲಿ ಆ ವಡಾದವನನ್ನು ನೋಡಿದೆ. ಪುಸ್ತಕದಲ್ಲಿ ಹೆಸರು ಬಂದದ್ದು ಅವನಿಗೆ ಗೊತ್ತೇ ಇಲ್ಲ. ನಾನೂ ಹೇಳಲಿಲ್ಲ.

ಅಮೀರ್ಬೀಯ ಮನೆ ಫರ್ಸಿ ಕಲ್ಲಿನ ಖಣಿಗಳ ಕಡೆಗಿರುವ ಹಳೆಯ ಓಣಿಯಲ್ಲಿ. ಮಗಳು ದೊಡ್ಡ ಮನೆ ಕಟ್ಟಿಸುತ್ತೇನೆಂದರೂ ಮುದುಕಿ ಹಳೆಯ ಮನೆ ಬಿಟ್ಟಿಲ್ಲ. ನನ್ನನ್ನು ನೋಡಿದ್ದೇ ಎದ್ದು ಸೆರಗು ತಲೆಗೆ ಎಳೆದುಕೊಂಡಳು.

"ಮಾಸ್ಟರ್ ಸಾಬ್! ಬರ್ರಿ, ಕುಂದ್ರಿ. ನೀವು ನಮ್ಮಲ್ಲಿ ಏನೂ ತಗೊಳ್ಳಂಗಿಲ್ಲ, ನನಗ ಗೊತ್ತದ." ಓಣಿಯ ಅಂಗಡಿಯಿಂದ ಮುಚ್ಚಳ ಬಿಚ್ಚದ ನೀರಿನ ಬಾಟಲಿ ಮತ್ತು ಬಾಳೆಹಣ್ಣು ತರಿಸಿದಳು. "ಸಿಪ್ಪಿ ಇದ್ದ ಹಣ್ಣಿಗಿ ಏನೂ ಆಗಂಗಿಲ್ಲಲ್ರಿ?"

ಏನೂ ಆಗುವುದಿಲ್ಲ ಎಂದು ಮೂರು ಹಣ್ಣು ತಿಂದೆ. ಹಾಗೆ ನೋಡಿದರೆ ನಾನು ಮನೆಯ ಹೊರಗೆ ಚಹಾ ಕೂಡ ಕುಡಿಯುವವನಲ್ಲ. ಇದನ್ನು ಇಷ್ಟು ವರ್ಷ ನೆನಪಿಟ್ಟಿದ್ದಾಳಲ್ಲ ಎಂದು ಸಂತೋಷವಾಯಿತು.

ಅವಳು ನನ್ನ ಎದುರು ನೆಲದ ಮೇಲೆ ಕುಳಿತು ಹೇಳಿದಳು, "ಅವತ್ತು ಕಮಿಟಿಯವ್ರು ನಮ್ಮ ಹುಡುಗಿನ್ನ ಪೂರಾ ತೆಗೀರಿ ಅಂದ್ರೂ ನೀವು ಹಿಂದರ ನಿಲ್ಲಿಸಿದ್ರಿ. ಐದು ಹೊತ್ತು ನಮಾಜಿನಾಗ ಒಂದು ಹೊತ್ತರ ನಿಮ್ಮ ಹೆಸರ್ಲೆ ದುವಾ ಮಾಡ್ತೀನಿ."

ನಾನು ಬಂದ ಕಾರಣ ಹೇಳಿದ್ದೇ ಮಗಳಿಗೆ ಫೋನ್ ಹಚ್ಚಿ ಸ್ಪೀಕರ್ ಮೇಲೆ ಇಟ್ಟಳು. ನಾಲ್ಕು ನೂರು ನಾಯಕಿಯರು ಒಟ್ಟಿಗೆ ಮಾತಾಡಿದ ಹಾಗಿತ್ತು. "ಸರ್! ನಿಮ್ಮ ಹೆಸರು ಹಾಕಿದ್ರ ಹಳೇ ಮಂದಿ ಯಾರರ ನಿಮಗ ಏನಾದ್ರೂ ಅಂದಾರಂತ ಬಿಟ್ಟಿದ್ದೆ. ನಿಮಗ ಅಡ್ಡಿ ಇಲ್ಲಂದ್ರ ಇವತ್ತೇ ಬರದು ಕಳಸ್ತೀನಿ. ನನಗ ಭಾಳ ಖುಷಿ ಸರ್."

ಹೋದ ಕೆಲಸ ಆಯಿತು. ವಾಪಸು ಬರುವಾಗ ಎದೆಯ ಮೇಲೆ ಏನೋ ಕೂತ ಹಾಗಿತ್ತು. ಮೂರು ಬಾಳೆಹಣ್ಣು ತಿನ್ನಬಾರದಿತ್ತು.

17 ಜನವರಿ

ವಾಟ್ಸಪ್ಪಿನಲ್ಲಿ ಹೊಸ ಸಾಲು ಬಂದಿದೆ: "ನಮ್ಮ ಕನ್ನಡ ಸರ್ ರಘೂತ್ತಮ ಮಳಖೇಡಕರ ಅವರು ಇಡೀ ಕಮಿಟಿಯ ಎದುರು ಒಬ್ಬರೇ ನಿಂತು, ನನಗೆ ಪರದೆಯ ಹಿಂದಾದರೂ ಒಂದು ಜಾಗ ಕೊಡಿಸಿದರು." ಕೆಳಗೆ, "ಮೂವತ್ತೊಂದರೊಳಗೆ ಹೂಂ ಅನ್ನಿ ಸರ್, ಅಚ್ಚಿಗೆ ಹೋಗಬೇಕು."

ಭಾಗಣ್ಣನಿಗೆ ತೋರಿಸಿದೆ. ಹಾಲಿನವನಿಗೆ ತೋರಿಸಿದೆ. ಗ್ಯಾಸ್ ಸಿಲಿಂಡರ್ ತಂದವನು ಕನ್ನಡಕ ಮರೆತಿದ್ದ, ಓದಿ ಹೇಳಿದೆ.

ಹೂಂ ಅನ್ನುವುದೊಂದು ಬಾಕಿ ಇದೆ. ಫೋನಿನಲ್ಲಿ ಕನ್ನಡ ಟೈಪು ಮಾಡುವುದು ನನಗೆ ತಡ.

19 ಜನವರಿ

ಹೂಂ ಎನ್ನಲು ಒಂದೇ ಅಕ್ಷರ. ನಾಳೆ ನೋಡೋಣ.

22 ಜನವರಿ

ನಿನ್ನೆ ಚಿತ್ತಾಪುರದಿಂದ ನಾಗರತ್ನಾ ಫೋನ್ ಮಾಡಿದ್ದಳು, ಗುರುಲಿಂಗಯ್ಯನವರ ಸೊಸೆ. ಗುರುಲಿಂಗಯ್ಯನವರು ನಮ್ಮ ಶಾಲೆಯ ಕಮಿಟಿಗೆ ಇಪ್ಪತ್ತು ವರ್ಷ ಸೆಕ್ರೆಟರಿ ಆಗಿದ್ದವರು. ಆಗ ಅವರ ಮನೆಯೂ ಶಹಾಬಾದಿನಲ್ಲಿ, ಅಮೀರ್ಬೀಯ ಓಣಿಯಲ್ಲೇ ಇತ್ತು. ಈಗ ಎಂಬತ್ನಾಲ್ಕು ವರ್ಷ, ಮಗನ ಮನೆಯಲ್ಲಿದ್ದಾರೆ. "ಮಾವರು ಊಟ ಸರಿ ಮಾಡವಲ್ರು ಸರ್. ನೀವೊಮ್ಮೆ ಬಂದು ಹೋಗ್ರಿ," ಎಂದಳು. ಇವತ್ತು ಹೋದೆ.

ಮುದುಕರು ಪಡಸಾಲೆಯ ಮಂಚದ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಆ ಪುಸ್ತಕ. ಮೊಮ್ಮಗಳು ಕಾಲೇಜಿನಿಂದ ತಂದಳಂತೆ, ಪುಟ ನಲವತ್ತೊಂದು ಓದಿ, ಕಮಿಟಿ ಸೆಕ್ರೆಟರಿ ನೀವೇ ಇದ್ರಲ್ಲ ಅಜ್ಜಾ ಎಂದು ಕೇಳಿದಳಂತೆ. ಅಂದಿನಿಂದ ಅವಳು ಅಜ್ಜನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

"ಮಳಖೇಡಕರ ಸರ್, ನಾ ಎಷ್ಟ್ ನೆನಪ ಮಾಡ್ಕೊಂಡ್ರೂ ನೆನಪಾಗವಲ್ದು," ಎಂದರು. "ನಾವು ಬಸವಣ್ಣನ ಮಂದಿ, ಇವ ನಮ್ಮವ ಅನ್ನಾವ್ರು. ಒಂದು ಕೂಸಿಗೆ ಬ್ಯಾಡ ಅಂದೀವೇನು? ಮೀಟಿಂಗ್ ಯಾವಾಗ ಆತು? ವಯಸ್ಸಾಗೇದ್ರಿ, ಮರ್ತಿರಬಹುದು. ನೀವು ಅಲ್ಲೇ ಇದ್ರಿ. ನೀವು ಹೇಳ್ರಿ, ನಾ ಹಂಗ ಅಂದಿದ್ನೇನು?"

ನನಗೂ ಸರಿಯಾಗಿ ನೆನಪಿಲ್ಲ ಎಂದೆ.

ಅವರು ಪುಸ್ತಕದ ಮೇಲೆ ಕೈ ಇಟ್ಟರು. "ನಿಮಗೂ ನೆನಪಿಲ್ಲಂದ್ರ ಅಂದಿರ್ಬೇಕು ಬಿಡ್ರಿ. ನಾನೇ ಅಂದಿರ್ಬೇಕು. ಇಲ್ದಿದ್ರ ಆ ಹುಡುಗಿ ಯಾಕ ಬರೀತಾಳ?" ಎಂದು ಎರಡೂ ಕೈ ಜೋಡಿಸಿ ಯಾರಿಗೋ ನಮಸ್ಕಾರ ಮಾಡಿದರು. ಎದುರಿಗೆ ನಾನೊಬ್ಬನೇ ಇದ್ದೆ.

ನಾಗರತ್ನಾ ಊಟಕ್ಕೆ ಒತ್ತಾಯ ಮಾಡಿದಳು. ರೈಲಿಗೆ ಹೊತ್ತಾಯಿತು ಎಂದೆ. ರೈಲು ಬರಲು ಇನ್ನೂ ಎರಡು ತಾಸಿತ್ತು. ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತಿದ್ದೆ.

23 ಜನವರಿ

ಬರೆಯುವಂಥದ್ದು ಏನೂ ಇಲ್ಲ.

24 ಜನವರಿ

ಆಮಂತ್ರಣ ಪತ್ರಿಕೆ ಅಚ್ಚಾಗಿ ಬಂತು. ದಪ್ಪ ಕಾಗದ, ಬಂಗಾರದ ಬಣ್ಣದ ಅಕ್ಷರ. "ಮೊದಲ ಅವಕಾಶ ನೀಡಿದ ಗುರುಗಳು." ಅಕ್ಷರ ಸ್ವಲ್ಪ ಸಣ್ಣ ಇರಬಹುದಿತ್ತು.

26 ಜನವರಿ, ಭಾನುವಾರ

ಪದ್ಮಜಾ ಬಂದಿದ್ದಳು. ನನ್ನ ಅಕ್ಕನ ಮಗಳು. ಗಂಡ ಸಿಮೆಂಟ್ ಕಾರ್ಖಾನೆಯಲ್ಲಿ, ಇರುವುದು ಆದಿತ್ಯನಗರದ ಕಾಲನಿಯಲ್ಲಿ. ಧ್ವಜಾರೋಹಣ ಮುಗಿಸಿಕೊಂಡು ಬೂಂದಿ ಲಾಡು ಹಿಡಿದು ಬಂದಳು. ಪುಸ್ತಕದಲ್ಲಿ "ಬೇರೆ ಹುಡುಗಿ" ಎಂದು ಬರುತ್ತದಲ್ಲ, ಅದು ಇವಳೇ. ಶಗುಫ್ತಾಳ ಕ್ಲಾಸಿನವಳೇ, ಮನೆಯ ಹುಡುಗಿ, ಹಾಡಲು ಬಾರದು, ಆದರೆ ನಿಂತರೆ ರುಕ್ಮಿಣಿಯ ಹಾಗೆ ಕಾಣುತ್ತಿದ್ದಳು. ಗ್ಯಾದರಿಂಗ್ ಆದ ಮೇಲೆ ಹುಡುಗರು ಹತ್ತನೇ ಇಯತ್ತೆ ಮುಗಿಯುವ ತನಕ ಇವಳನ್ನು "ಮೂಕ ರುಕ್ಮಿಣಿ" ಎಂದು ಕರೆದರಂತೆ. ಇದು ನನಗೆ ಇವತ್ತೇ ಗೊತ್ತಾದದ್ದು.

ಫೋನಿನಲ್ಲಿದ್ದ ಹೊಸ ಸಾಲು ತೋರಿಸಿದೆ. ಓದಿದಳು, ಲಾಡು ಮುರಿದು ತಿಂದಳು, ಕೈ ಒರೆಸಿಕೊಂಡಳು.

"ಮಾಮಾ, ಆ ಸೀರಿ ನನಗ ಭಾಳ ಬಿಗಿ ಆಗಿತ್ತು. ಆಕಿ ಅಳತಿಗೆ ಹೊಲದದ್ದು ಅಲ್ಲೇನು? ಕೈ ಎತ್ತಿದ್ರ ಹರೀತದಂತ ನಾ ಮಾಲಿ ಹಾಕೋ ಮುಂದ ಸೈತ ಕೈ ಎತ್ತಲಿಲ್ಲ. ಕೃಷ್ಣನೇ ಬಗ್ಗಬೇಕಾತು."

ನಾನು ನಕ್ಕೆ. ಅವಳು ನಗಲಿಲ್ಲ.

"ಕಮಿಟಿ ಅಂದ್ರ ಯಾರು ಮಾಮಾ? ನೀ ನಮ್ಮ ಮನಿಗೆ ಬಂದು ಅವ್ವನ ಮುಂದ ಹೇಳಿದ್ದು ನಾ ಬಾಗಿಲ ಹಿಂದ ನಿಂತು ಕೇಳೀನಿ. 'ಅಧ್ಯಕ್ಷರು ಆಚಾರ್ಯರು ಇದ್ದಾರ, ನಾಳೆ ಯಾರರ ಏನಾದ್ರೂ ಅಂದ್ರ?' ಅಂದಿ. 'ಅಂದ್ರ' ಅಂದಿ. 'ಅಂದಾರ' ಅನ್ಲಿಲ್ಲ."

ಭಾಮಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಹಾಲು ಉಕ್ಕುತ್ತಿದೆ ಎಂದು ಹೇಳುವ ಹಾಗಿರಲಿಲ್ಲ.

ಪದ್ಮಜಾ ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ. ಒಂದು ಸಲ ಸರಿಯಾಗಿ ಬರೆದುಬಿಡುತ್ತೇನೆ.

1989ರ ಜನವರಿ. ಗ್ಯಾದರಿಂಗಿಗೆ ಒಬ್ಬ ಆಚಾರ್ಯರನ್ನು ಅಧ್ಯಕ್ಷರಾಗಿ ಕರೆದಿದ್ದೆವು. ನಮ್ಮ ದೂರದ ನೆಂಟರು, ದೊಡ್ಡ ವಿದ್ವಾಂಸರು. ನನ್ನ ಗೀತನಾಟಕ, ನನ್ನ ಮೊದಲ ಕೃತಿ, ಅವರ ಎದುರು. ಮೂರು ದಿನ ಮೊದಲು ತಾಲೀಮು ನೋಡುತ್ತಿದ್ದಾಗ ತಲೆಯಲ್ಲಿ ಒಂದು ವಿಚಾರ ಬಂತು: ಫರ್ಸಿ ಒಡೆಯುವವನ ಮಗಳು, ಅದೂ ಮುಸಲರ ಹುಡುಗಿ, ರುಕ್ಮಿಣಿಯ ವೇಷದಲ್ಲಿ ಬಂದು ಇವರ ಕಾಲಿಗೆರಗಿದರೆ ಏನೆಂದಾರು? ಯಾರೂ ನನಗೆ ಏನೂ ಹೇಳಿರಲಿಲ್ಲ. ಆಚಾರ್ಯರಿಗೆ ಪಾತ್ರದ ವಿಷಯವೇ ಗೊತ್ತಿರಲಿಲ್ಲ. ಗುರುಲಿಂಗಯ್ಯನವರು ಹಿಂದಿನ ದಿನವೇ ತಾಲೀಮಿಗೆ ಬಂದು ಆ ಹುಡುಗಿಯ ತಲೆ ಸವರಿ, "ಏನ್ ಕಂಠ ಅದ ಇದು!" ಎಂದು ಹೋಗಿದ್ದರು. ಇದು ನನಗೆ ನಿಚ್ಚಳ ನೆನಪಿದೆ. ಮೊನ್ನೆ ಚಿತ್ತಾಪುರದಲ್ಲೂ ನೆನಪಿತ್ತು.

ಅವಳನ್ನು ಕರೆದು ನಾನು ಬೇಡ ಅನ್ನುತ್ತೇನೆ ಎನ್ನಲು ಬಾಯಿ ಬರಲಿಲ್ಲ. ಕಮಿಟಿ ಎಂದೆ. ಕಮಿಟಿ ಎಂಬುದು ಒಳ್ಳೆಯ ಶಬ್ದ, ಅದಕ್ಕೆ ಮುಖ ಇರುವುದಿಲ್ಲ. ಹುಡುಗಿ ಅಳಲಿಲ್ಲ, "ಸೀರಿ ಹೊಲದದ್ದಾಗೇದ ಸರ್," ಎಂದಳು. ಆ ಸೀರೆಯನ್ನೂ ತರಿಸಿಕೊಂಡೆ, ಬೇರೆ ವೇಷ ಸಿದ್ಧ ಇರಲಿಲ್ಲ.

ಕಾರ್ಯಕ್ರಮದ ದಿನ ಆಚಾರ್ಯರು ನಾಂದಿ ಪದ್ಯಕ್ಕೇ ನಿದ್ದೆ ಹೋದರು. ಮಂಗಳಾರತಿಗೆ ಎಬ್ಬಿಸಿದೆವು. ಇಷ್ಟೇ ನಡೆದದ್ದು.

ಹನ್ನೊಂದು ಮದುವೆ ಮತ್ತು ಮೂರು ಮುಂಜಿಯಲ್ಲಿ ನಾನು ಹೇಳಿದ್ದು ಬೇರೆ.

27 ಜನವರಿ

ಸುಮ್ಮನಿದ್ದುಬಿಟ್ಟರೆ? ಹೂಂ ಅನ್ನುವುದೂ ಬೇಡ, ಊಹೂಂ ಅನ್ನುವುದೂ ಬೇಡ. ಹಳೆಯ ಸಾಲೇ ಇರುತ್ತದೆ, ಬರೀ ಸರ್. ಬರೀ ಸರ್ ಎಂಬುದು ಎಷ್ಟು ಚಂದದ ಮಾತು ಎಂದು ಇವತ್ತು ತಿಳಿಯಿತು.

ಆದರೆ ಹಳೆಯ ಸಾಲಿನಲ್ಲೂ ಕಮಿಟಿ ಇದೆ. ಅದನ್ನು ಪಕ್ಕದಲ್ಲಿಟ್ಟುಕೊಂಡು ಒಬ್ಬ ಮುದುಕ ಊಟ ಬಿಟ್ಟು ಕುಳಿತಿದ್ದಾನೆ.

ಭಾಮಾಗೆ ಎಲ್ಲ ಹೇಳಿದೆ. "ಗೊತ್ತಿತ್ತು," ಎಂದಳು. "ಆ ಸೀರಿ ಒಗದು, ಇಸ್ತ್ರಿ ಮಾಡಿಸಿ ವಾಪಸ ಕೊಟ್ಟಾಕಿ ನಾನು. ಇಸಗೊಳ್ಳೋ ಮುಂದ ಆ ಅಮೀರ್ಬೀ ನನಗ ಥ್ಯಾಂಕ್ಸ್ ಅಂದ್ಳು. ಆವತ್ತಿಂದ ನಿಮ್ಮನ್ನ ಕೇಳ್ಬೇಕು ಕೇಳ್ಬೇಕು ಅಂತ ಬಿಟ್ಟೆ. ನನ್ನದೂ ತಪ್ಪೇ." ಮೂವತ್ತಾರು ವರ್ಷದಲ್ಲಿ ಇವಳು ತನ್ನ ತಪ್ಪು ಒಪ್ಪಿಕೊಂಡದ್ದು ಇದೇ ಮೊದಲು. ಸಂತೋಷಪಡುವ ಸ್ಥಿತಿಯಲ್ಲಿ ನಾನಿರಲಿಲ್ಲ.

29 ಜನವರಿ

ಮತ್ತೆ ಶಹಾಬಾದ್. ಅಚ್ಚಾಗುವ ಮೊದಲು ಅಮೀರ್ಬೀಗೆ ಬಾಯಿಂದ ಹೇಳಬೇಕಿತ್ತು. ವಾಡಿಯಲ್ಲಿ ಇಳಿದು ಹಾಗೇ ತಿರುಗಿ ಬರುವ ರೈಲು ಹತ್ತಬೇಕು ಎನಿಸಿತ್ತು. ಆ ರೈಲು ತಡ ಇತ್ತು.

ಮುದುಕಿ ಓಣಿಯ ಅಂಗಡಿಯವನಿಗೆ ಕೂಗು ಹಾಕಲು ಹೊರಟಿದ್ದಳು, ಬಾಟಲಿ ನೀರಿಗೆ. ನಿಲ್ಲಿಸಿ ಹೇಳಿದೆ. ನಿಂತುಕೊಂಡೇ ಹೇಳಿದೆ. ಕಮಿಟಿ ಏನೂ ಅನ್ನಲಿಲ್ಲ, ಯಾರೂ ಏನೂ ಅನ್ನಲಿಲ್ಲ, ನಾನೇ ಅಂಜಿ, ನಾನೇ ತೆಗೆದೆ ಎಂದು. ಒಂದು ನಿಮಿಷವೂ ಹಿಡಿಯಲಿಲ್ಲ. ನಲವತ್ತು ನಿಮಿಷ ಮಾತಾಡುವವನಿಗೆ ಅಷ್ಟೇ ಸಾಕಾಯಿತು.

ಅವಳು ಗೋಡೆಗೆ ಕೈ ಊರಿ ಕುಳಿತಳು.

"ಮಾಸ್ಟರ್," ಎಂದಳು. ಸಾಬ್ ಬಿಟ್ಟುಹೋಗಿತ್ತು. "ನಿಮಗ ದುವಾ ಮಾಡಿದ್ದು ಹೋಗ್ಲಿ. ಆ ಗುರುಲಿಂಗಯ್ಯಗ ನಾ ಬದ್ದುವಾ ಕೊಟ್ಟೀನಿ, ಶಾಪಾ ಹಾಕೀನಿ. ಅವರ ಹೆಂಡ್ತಿ ತೀರಿಕೊಂಡಾಗ ಓಣಿ ಎಲ್ಲಾ ಹೋಗಿತ್ತು, ನಾ ಒಬ್ಬಾಕಿ ಹೋಗ್ಲಿಲ್ಲ. ಆಕಿ ನನಗ ಹೆರಿಗಿ ಟೈಮಿನಾಗ ಗಂಜಿ ಮಾಡಿಕೊಟ್ಟಾಕಿ. ಇದನ್ನ ಈಗ ನಾ ಹ್ಯಾಂಗ ವಾಪಸ ತಗೊಳ್ಲಿ? ನೀವು ಓದಿದಾವ್ರು, ನೀವೇ ಹೇಳ್ರಿ."

ತಪ್ಪಾಯಿತು ಎಂದೆ. ಅಷ್ಟು ದೊಡ್ಡದಕ್ಕೆ ಎಷ್ಟು ಸಣ್ಣ ಮಾತು. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಅವಳು ಎದ್ದು ಒಳಗೆ ಹೋದಳು. ಹೋಗೆಂದು ಹೇಳುತ್ತಿದ್ದಾಳೆ ಎಂದುಕೊಂಡು ಚಪ್ಪಲಿ ಹುಡುಕುತ್ತಿದ್ದೆ. ಒಳಗಿನಿಂದ ಎರಡು ಕಪ್ ಚಹಾ ತಂದು, ಒಂದನ್ನು ನನ್ನ ಮುಂದೆ ಠಕ್ ಎಂದು ಇಟ್ಟು, ಇನ್ನೊಂದನ್ನು ತಾನು ಕುಡಿಯತೊಡಗಿದಳು. ಕುಡೀತೀರೇನು, ನಡೀತದೇನು, ಏನೂ ಕೇಳಲಿಲ್ಲ. ಚಹಾಕ್ಕೆ ಸಕ್ಕರೆ ಬಹಳವಾಗಿತ್ತು.

30 ಜನವರಿ

ಶಗುಫ್ತಾಗೆ ಕಳಿಸಿದ್ದು (ಟೈಪು ಮಾಡಲು ಮುಕ್ಕಾಲು ತಾಸು ಹಿಡಿಯಿತು):

"ಹೊಸ ಸಾಲು ಬೇಡ. ಕಮಿಟಿಯ ಎದುರು ನಾನು ನಿಲ್ಲಲಿಲ್ಲ, ಕಮಿಟಿಯ ಹಿಂದೆ ಅಡಗಿದೆ. ಅವರು ಏನೂ ಅಂದಿರಲಿಲ್ಲ. ಗುರುಲಿಂಗಯ್ಯನವರು ನಿನ್ನ ಕಂಠ ಹೊಗಳಿದ್ದರು. ಬೇಡ ಅಂದವನು ನಾನು. ಕಮಿಟಿ ತೆಗೆದುಹಾಕು, ಅಲ್ಲಿ ನನ್ನ ಹೆಸರು ಹಾಕು, ಪೂರ್ತಿ ಹೆಸರು. ನಿನ್ನ ತಾಯಿಗೆ ಹೇಳಿದ್ದೇನೆ. ಕಣ್ಣೀರಿನ ಸಾಲನ್ನೂ ತೆಗೆ, ಅದು ನೆಗಡಿ. ನನ್ನಿಂದ ದೊಡ್ಡ ಅನ್ಯಾಯವಾಯಿತು ಮಗಳೇ."

ಎರಡು ನೀಲಿ ಗೆರೆ ಬಂದವು. ಉತ್ತರ ಬರಲಿಲ್ಲ.

31 ಜನವರಿ

ಬೆಳಿಗ್ಗೆ ಉತ್ತರವಿಲ್ಲ. ಮಧ್ಯಾಹ್ನ ಉತ್ತರವಿಲ್ಲ. ನಾಲ್ಕೂವರೆಗೆ ಒಂದು ಸಾಲು: "ಸರಿ ಸರ್. ಹಾಗೇ ಹಾಕಿಸುತ್ತೇನೆ."

ಚಿತ್ತಾಪುರಕ್ಕೆ ಫೋನ್ ಮಾಡಿ ಗುರುಲಿಂಗಯ್ಯನವರಿಗೆ ಹೇಳಿದೆ. ಕಿವಿ ಮಂದ, ಮೂರು ಸಲ ಹೇಳಬೇಕಾಯಿತು. ನನ್ನ ತಪ್ಪನ್ನು ಒಂದು ಸಲ ಹೇಳುವುದೇ ಕಷ್ಟ, ಅದನ್ನು ಮೂರು ಸಲ ಚೀರಿ ಹೇಳಿದೆ. ಎದುರುಮನೆಯವರೂ ಹೊರಗೆ ಬಂದು ಕೇಳಿಸಿಕೊಂಡರು. ಮೂರನೆಯ ಸಲಕ್ಕೆ ಮುದುಕರು, "ಹಂಗಂದ್ರ ನನ್ನ ತಲಿ ಸರಿ ಅದ ಅನ್ರಿ!" ಎಂದು ಫೋನನ್ನು ಕೆಳಗಿಟ್ಟು ಮೊಮ್ಮಗಳನ್ನು ಕೂಗುವುದು ಕೇಳಿಸಿತು. ನನಗೆ ಬೈಯಲು ಮರೆತರು.

2 ಫೆಬ್ರುವರಿ, ಭಾನುವಾರ

ಕಾರ್ಯಕ್ರಮ ಆಯಿತು. ವಾಚನಾಲಯ ತುಂಬಿತ್ತು. ಭಾಗಣ್ಣ ಬಂಗಾರದ ಅಕ್ಷರ ನೋಡಿಕೊಂಡು ಪರಿಚಯ ಮಾಡಿದ, ಮೊದಲ ಅವಕಾಶ ಕೊಟ್ಟ ಗುರುಗಳು ಎಂದ. ನಾನು ಎದ್ದು, "ಕೊಟ್ಟದ್ದಲ್ಲ, ಕಸಿದುಕೊಂಡದ್ದು," ಎಂದೆ.

ಎಲ್ಲರೂ ನಕ್ಕರು. ನಲವತ್ತು ವರ್ಷ ಜೋಕು ಹೇಳಿದವನ ಪಾಡು ಇದು. ಮತ್ತೆ ಹೇಳಿದೆ. ಮುಂದಿನ ಸಾಲಿನವರು ಇನ್ನೂ ನಗುತ್ತಿದ್ದರು. ಪುಸ್ತಕ ತೆಗೆದು ಪುಟ ನಲವತ್ತೊಂದು ಓದಿ, ಕಮಿಟಿ ಎಂದಿರುವಲ್ಲಿ ನನ್ನ ಹೆಸರು ಹಾಕಿ ಓದಿದೆ. ಆಗ ನಗು ನಿಂತಿತು.

ಏಳು ನಿಮಿಷದಲ್ಲಿ ಕುಳಿತೆ. ಉಳಿದ ಮೂವತ್ಮೂರು ನಿಮಿಷ ಏನು ಮಾಡುವುದೆಂದು ಭಾಗಣ್ಣ ಗಾಬರಿಯಾಗಿ ಚಹಾ ತರಿಸಿದ. ಕೆಲವರು ನನ್ನ ಮುಖ ನೋಡದೆ ಹೋದರು. ಒಬ್ಬ ಹಳೆಯ ವಿದ್ಯಾರ್ಥಿ ಬಂದು, "ಇದನ್ನ ಹೇಳೋದು ಬ್ಯಾಡಾಗಿತ್ತು ಸರ್, ನಿಮ್ಮ ಮ್ಯಾಲಿನ ಅಭಿಮಾನ ಹಾಳಾತು," ಎಂದ. ನನಗೂ ಆಗಿದೆಯಪ್ಪಾ ಎಂದೆ.

ಗುರುಲಿಂಗಯ್ಯನವರು ಮೊಮ್ಮಗಳ ಕೈ ಹಿಡಿದು ಬಂದಿದ್ದರು, ಮುಂದಿನ ಸಾಲು. ಯಾರೂ ಕರೆಯದಿದ್ದರೂ ಶಹಾಬಾದಿನಿಂದ ಅಮೀರ್ಬೀ ಬಂದಳು. ನೇರ ಹೋಗಿ ಅವರ ಎದುರು ನಿಂತಳು. ಏನು ಹೇಳಿದಳೋ ನನಗೆ ಕೇಳಿಸಲಿಲ್ಲ. ಅವರಿಗೂ ಕೇಳಿಸಿರಲಿಕ್ಕಿಲ್ಲ, ಕಿವಿ ಮಂದ. ಅವರು ಪಕ್ಕದ ಕುರ್ಚಿಯ ಮೇಲಿದ್ದ ಶಾಲು ತೆಗೆದು, "ಕುಂದ್ರವ್ವಾ, ಎಷ್ಟ್ ದಿನಾ ಆತು ನಿನ್ನ ನೋಡಿ," ಎಂದರು.

ನನಗೆಂದು ತಂದಿದ್ದ ಹಾರ ಹಾಗೇ ಟೇಬಲ್ಲಿನ ಮೇಲೆ ಉಳಿಯಿತು.

14 ಮಾರ್ಚ್, ಶುಕ್ರವಾರ. ಹೋಳಿ ಹುಣ್ಣಿಮೆ

ಭಾಗಣ್ಣ ಬಣ್ಣ ಮೆತ್ತಿದ ಕೈಯಲ್ಲೇ ಎರಡನೇ ಮುದ್ರಣದ ಪ್ರತಿ ತಂದುಕೊಟ್ಟ. ಮುಖಪುಟದ ಮೇಲೆ ಗುಲಾಬಿ ಬೆರಳಿನ ಗುರುತು. ಪುಟ ನಲವತ್ತರಲ್ಲಿ ಮುನ್ನಿ ಎಂಬ ಆಡು ಇನ್ನೂ ನೋಟ್‌ಬುಕ್ ತಿನ್ನುತ್ತಿದೆ. ಪಕ್ಕದ ಪುಟದಲ್ಲಿ ನಾನು:

"ಮೂರು ದಿನ ಮೊದಲು ಸರ್ ಕರೆದು ಕಮಿಟಿಯವರು ಬೇಡ ಅಂದಾರೆ ಅಂದರು. ಕಮಿಟಿ ಹಾಗೆ ಅಂದಿರಲಿಲ್ಲ. ಬೇಡ ಅಂದವರು ಅವರೇ, ನಮ್ಮ ಕನ್ನಡ ಸರ್, ರಘೂತ್ತಮ ಮಳಖೇಡಕರ. ಮೂವತ್ತಾರು ವರ್ಷಗಳ ಮೇಲೆ ಅವರೇ ನನಗಿದನ್ನು ಹೇಳಿದರು. ಅಂದು ಬೇಡ ಅನ್ನುವಾಗ ಅವರ ಕಣ್ಣಲ್ಲಿ ನೀರಿತ್ತು."

ಹೆಸರಿನಲ್ಲಿ ಅಕ್ಷರ ತಪ್ಪಿಲ್ಲ. ಆದರೆ ಕಣ್ಣೀರನ್ನು ತೆಗೆದಿಲ್ಲ. ನೆಗಡಿ ಎಂದು ಸ್ಪಷ್ಟವಾಗಿ ಬರೆದಿದ್ದೆ, ಕೇಳಲೇ ಇಲ್ಲ ಹುಡುಗಿ. ಆ ಸಾಲನ್ನು ಮೂರು ನಾಲ್ಕು ಸಲ ಓದಿದೆ.

ಭಾಮಾ ಹೋಳಿಗೆಯ ತಟ್ಟೆ ಹಿಡಿದು ಬಂದು ನನ್ನ ಮುಖ ನೋಡಿದಳು.

"ಈಗೂ ನೆಗಡಿ ಏನ್ರಿ?"

ಹೌದು ಎಂದೆ.